ಬಣ್ಣದ ಕೆಳಗಿನ ಮರ

ಗಂಡ ಪೇಂಟರ್, ಅಣ್ಣ ಬಡಗಿ. ಇಷ್ಟಿದ್ದೂ ಕತ್ತರಿಯ ಮನೆಯಲ್ಲಿ ಒಂದು ಗೋಡೆ ಕಪಾಟು ಇರಲಿಲ್ಲ.

ಕತ್ತರಿ ಎನ್ನುವುದು ಅಣ್ಣ ಇಟ್ಟ ಅಡ್ಡಹೆಸರು. ಅವಳು ಹೊಲಿಗೆ ಕಲಿಯುವುದಕ್ಕೆ ಬಹಳ ಮೊದಲೇ ಇಟ್ಟದ್ದು. ಹಾಗಾಗಿ ಅದು ಕಸುಬಿನಿಂದ ಬಂದದ್ದಲ್ಲ, ನಾಲಿಗೆಯಿಂದ ಬಂದದ್ದು.

ಬೇರೆಯವರ ಮನೆಗಳಲ್ಲಿ ಅಣ್ಣನೂ ಗಂಡನೂ ಒಟ್ಟಿಗೇ ಕೆಲಸ ಮಾಡುತ್ತಿದ್ದರು. ಅಣ್ಣ ಮಾಡಿದ ಕಪಾಟಿಗೆ ಗಂಡ ಬಣ್ಣ ಹೊಡೆಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ಒಬ್ಬರ ಕೆಲಸವನ್ನು ಇನ್ನೊಬ್ಬರು ಆಡಿಕೊಳ್ಳುತ್ತಿದ್ದರು. ಬಡಗಿ ಕೂರಿಸಿದ ಬಾಗಿಲುಗಳ ಸಂದಿಯಲ್ಲಿ ಹಲ್ಲಿ ಸಂಸಾರ ಹೂಡಬಹುದು ಎಂದು ಪೇಂಟರ್ ಹೇಳುತ್ತಿದ್ದ. ಭಾವ ಬಳಿಯುವ ದಪ್ಪ ಬಣ್ಣಕ್ಕೆ ಜಾಗ ಬಿಡದಿದ್ದರೆ ಬಾಗಿಲು ಮುಚ್ಚುವುದೇ ಇಲ್ಲ, ಅದಕ್ಕೇ ಸಂದಿ ಎಂದು ಬಡಗಿ ಹೇಳುತ್ತಿದ್ದ. ಅಷ್ಟು ಸಂದಿ ಇರುವುದರಿಂದಲೇ ದಪ್ಪ ಬಳಿಯಬೇಕಾಗಿದೆ ಎಂದು ಪೇಂಟರ್. ಯಾವುದು ಮೊದಲು ಶುರುವಾಯಿತೆಂದು ಇಬ್ಬರಿಗೂ ನೆನಪಿರಲಿಲ್ಲ. ಕೆಲಸ ಮಾತ್ರ ಚೆನ್ನಾಗಿಯೇ ಆಗುತ್ತಿತ್ತು.

ಕತ್ತರಿಯ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿ ಮೇಜು ಮತ್ತು ಅತ್ತೆಯ ಮಂಚ ಇದ್ದವು. ಬಟ್ಟೆ ಇಡಲು ಬೇರೆ ಜಾಗವಿಲ್ಲದೆ ಮಂಚದ ಅರ್ಧ ಭಾಗವನ್ನು ಬಟ್ಟೆಯ ಗಂಟುಗಳೇ ಹಿಡಿದುಕೊಂಡಿದ್ದವು.

"ರಾತ್ರಿ ಹೊರಳೋಕೂ ಹೆದರಿಕೆ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. "ಯಾರದೋ ಅಂಗಿ ಅನ್ಕೊಂಡು ನನಗೂ ಕಾಜಾ ಕುಯ್ದು ಗುಂಡಿ ಹಾಕಿಬಿಡ್ತಾಳೆ."

"ಬಾಯಿಗೆ ಹಾಕ್ತೀನಿ ಅತ್ತೆ, ಮೊದಲು ಅಲ್ಲಿಗೇ," ಎನ್ನುತ್ತಿದ್ದಳು ಕತ್ತರಿ, ಪೆಡಲ್ ತುಳಿಯುವುದನ್ನು ನಿಲ್ಲಿಸದೆ.

ಕಪಾಟು ಬೇಕೇಬೇಕಾದದ್ದು ಶಾಲೆಯ ಕೆಲಸ ಕಣ್ಣಿಗೆ ಬಿದ್ದ ಮೇಲೆ. ಹತ್ತಿರದ ಶಾಲೆಯೊಂದು ಸಮವಸ್ತ್ರ ಹೊಲಿಯುವವರನ್ನು ಹುಡುಕುತ್ತಿತ್ತು. ಹಿಂದಿನ ದರ್ಜಿ ಶಾಲೆಯವರು ಕೊಟ್ಟ ಬಟ್ಟೆಯನ್ನು ಮೂಲೆಯಲ್ಲಿ ರಾಶಿ ಹಾಕಿದ್ದ. ಇಲಿಗಳು ಅದರೊಳಗೆ ಮರಿ ಹಾಕಿದ್ದವು. ಶಾಲೆಯ ಆಫೀಸಿನ ಮೇಡಂ ಕತ್ತರಿಗೆ ನೇರವಾಗಿ ಹೇಳಿದ್ದರು: "ಬಾಗಿಲು ಇರೋ ಕಬೋರ್ಡ್ ಇದ್ರೆ ಬಟ್ಟೆ ಕಳಿಸ್ತೀನಿ, ಇಲ್ದಿದ್ರೆ ಇಲ್ಲ. ರಜ ಮುಗಿಯೋದ್ರೊಳಗೆ ಮನೆಗೆ ಬಂದು ನೋಡ್ತೀನಿ." ಆ ಕೆಲಸ ಸಿಕ್ಕಿದರೆ ಕತ್ತರಿಗೆ ವರ್ಷವಿಡೀ ಹೊಲಿಗೆ. ಸಿಗದಿದ್ದರೆ ಮತ್ತೆ ಅದೇ ಕಿತ್ತುಹೋದ ಜಿಪ್ಪು, ದಿಂಬಿನ ಚೀಲ, ಮೋಟು ಮಾಡಬೇಕಾದ ಪ್ಯಾಂಟು.

ಕಪಾಟಿಗೆ ಬಿಳಿ ಬಣ್ಣ ಎನ್ನುವುದನ್ನು ಅವಳು ಮೊದಲೇ ತೀರ್ಮಾನಿಸಿದ್ದಳು. ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಮಧ್ಯಾಹ್ನ ದಾಟಿದರೆ ಕಪ್ಪು ದಾರಕ್ಕೂ ಕಡುನೀಲಿ ದಾರಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎದುರಿನ ಗೋಡೆ ಬಿಳಿಯಾದರೆ ಬೆಳಕು ಮೇಜಿನ ಮೇಲೆ ಬೀಳುತ್ತದೆ. ಇದರ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ತಕರಾರು ಬಂದದ್ದು ಮರದ ವಿಷಯಕ್ಕೆ.

"ತೇಗ," ಎಂದ ಅಣ್ಣ. ಅದೊಂದೇ ಮಾತು, ಮುಗಿಯಿತು ಎನ್ನುವ ಹಾಗೆ.

"ತೇಗಕ್ಕೆ ಬಿಳಿ ಬಣ್ಣ ಹೊಡೀಬೇಕಾ ಭಾವ?" ಎಂದ ಪೇಂಟರ್. "ಅದರ ಎಣ್ಣೆಗೆ ಪ್ರೈಮರ್ ಸರಿಯಾಗಿ ಹಿಡಿಯಲ್ಲ. ಮೇಲೆಲ್ಲ ಸೂಜಿ ಚುಚ್ಚಿದ ಹಾಗೆ ತೂತು. ಎಂಡಿಎಫ್ ತಗೊಳ್ಳಿ. ಕನ್ನಡಿ ಥರ ಇರುತ್ತೆ. ಕುಂಚ ಇಟ್ಟರೆ ಸಾಕು, ಬಣ್ಣ ತಾನೇ ಹರಡ್ಕೊಳ್ಳುತ್ತೆ."

"ಎಂಡಿಎಫ್ ಅಂದ್ರೆ ಏನು? ನಾನು ಕುಯ್ದು ಕೆಳಗೆ ಬೀಳಿಸಿದ ಪುಡಿಗೆ ಅಂಟು ಕಲಸಿ ಒತ್ತಿದ್ದು. ನನ್ನ ಅಂಗಡಿ ಕಸ! ಅದನ್ನ ನನ್ನ ತಂಗಿ ಮನೆಗೆ ತರಲಾ? ಜನ ಏನಂತಾರೆ?"

"ಜನಕ್ಕೆ ಕಾಣೋದು ನನ್ನ ಬಣ್ಣ."

"ಅದೇ ನಮ್ಮ ದುರ್ದೈವ."

ಹೀಗೆ ನಾಲ್ಕಾರು ಸಂಜೆಗಳು ಕಳೆದವು. ಇಬ್ಬರೂ ಚಹಾ ಕುಡಿದು, ಖಾಲಿ ಗೋಡೆಯನ್ನು ಅಳೆದು, ಜಗಳವಾಡಿ ಹೋಗುತ್ತಿದ್ದರು. ಅವರ ಟೇಪು ಉಜ್ಜಿ ಉಜ್ಜಿ ಗೋಡೆಯ ಸುಣ್ಣ ಉದುರತೊಡಗಿತು. ಕೊನೆಗೊಂದು ಬೆಳಿಗ್ಗೆ ಕತ್ತರಿ ಇಬ್ಬರನ್ನೂ ಕರೆದುಕೊಂಡು ಮರದ ಅಡ್ಡೆಗೆ ಹೊರಟಳು.

ಅಡ್ಡೆಯಲ್ಲಿ ಹಲಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅಣ್ಣ ತೇಗದ ಮುಂದೆ ನಿಂತವನು ಅಲ್ಲಿಂದ ಕದಲಲಿಲ್ಲ. ಹಲಗೆಯನ್ನು ಅಂಗೈಯಲ್ಲಿ ಸವರಿದ, ಮೂಸಿ ನೋಡಿದ, ಉಗುಳು ಹಚ್ಚಿ ಗೆರೆಗಳನ್ನು ತಂಗಿಗೆ ತೋರಿಸಿದ. "ನೋಡು, ಹೇಗೆ ಹರಿದಿದೆ."

"ಚೆನ್ನಾಗಿದೆ. ಇದರ ಮೇಲೆ ಬಿಳಿ ಬಳಿದ ಮೇಲೆ ಇದು ನನಗೆ ಎಲ್ಲಿ ಕಾಣುತ್ತೆ?"

"ಕಾಣಲ್ಲ. ಆದ್ರೆ ಇರುತ್ತೆ."

"ಮದುವೆ ಆದ ಹೊಸದರಲ್ಲಿ ಇವರೂ ಪ್ರೀತಿ ಬಗ್ಗೆ ಹಿಂಗೇ ಅಂತಿದ್ರು."

ಪೇಂಟರ್ ಕೇಳಿಸಿಕೊಳ್ಳದವನ ಹಾಗೆ ಎಂಡಿಎಫ್ ರಾಶಿಯ ಕಡೆ ನಡೆದ.

ಕತ್ತರಿ ಏನನ್ನೂ ಕೊಳ್ಳಲಿಲ್ಲ. ಅಡ್ಡೆಯವನನ್ನು ಕೇಳಿ ಬಗೆಬಗೆಯ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡಳು: ತೇಗ, ಪೈನ್, ರಬ್ಬರ್ ಮರ, ಪ್ಲೈವುಡ್, ಎಂಡಿಎಫ್. ಬಟ್ಟೆ ಅಂಗಡಿಯಲ್ಲಿ ತುಂಡು ಕತ್ತರಿಸಿ ತಂದು, ಒಗೆದು, ಇಸ್ತ್ರಿ ಹಾಕಿ, ಬಣ್ಣ ಬಿಡುತ್ತದೋ ಕುಗ್ಗುತ್ತದೋ ನೋಡಿ ಆಮೇಲೆ ಕೊಳ್ಳುವುದು ಅವಳ ರೂಢಿ. ಮರಕ್ಕೆ ಮಾತ್ರ ಬೇರೆ ನ್ಯಾಯ ಯಾಕಿರಬೇಕೆಂದು ಅವಳಿಗೆ ಹೊಳೆಯಲಿಲ್ಲ.

ತುಂಡುಗಳನ್ನು ಒಂದು ಪಟ್ಟಿಗೆ ಸಾಲಾಗಿ ಮೊಳೆ ಹೊಡೆದು ಗಂಡನ ಕೈಗೆ ಕೊಟ್ಟಳು. "ಎಲ್ಲಕ್ಕೂ ಒಂದೇ ಥರ ಬಳೀರಿ. ಯಾವುದಕ್ಕೂ ಮಲತಾಯಿ ಥರ ಮಾಡಬೇಡಿ." ಪೇಂಟರ್ ಪ್ರೈಮರ್ ಹಚ್ಚಿದ, ಉಜ್ಜಿದ, ಬಿಳಿ ಬಳಿದ. ತೇಗದ ತೂತುಗಳಿಗೆ ಮಾತ್ರ ಪುಟ್ಟಿ ತುಂಬಬೇಕಾಯಿತು. ಪುಟ್ಟಿಯ ಡಬ್ಬಿಯನ್ನು ಅವನು ಬಡಗಿಯ ಕಣ್ಣಿಗೆ ಬೀಳುವ ಹಾಗೆ ಕಿಟಕಿಯಲ್ಲೇ ಬಿಟ್ಟ. ಒಣಗಿದ ಮೇಲೆ ಕತ್ತರಿ ಪಟ್ಟಿಯನ್ನು ಇಸ್ತ್ರಿ ಮೇಜಿನ ಪಕ್ಕ ತೂಗುಹಾಕಿದಳು. ದಿನವೂ ಇಸ್ತ್ರಿಯ ಹಬೆ ಅದಕ್ಕೆ ಬಡಿಯುತ್ತಿತ್ತು.

ಒಂದು ವಾರ ಕಳೆದ ಮೇಲೆ ಅಣ್ಣನನ್ನು ಕರೆಸಿದಳು.

"ಇದರಲ್ಲಿ ತೇಗ ಯಾವುದು ಹೇಳು. ಹಿಂದುಗಡೆ ತಿರುಗಿಸಿ ನೋಡೋ ಹಾಗಿಲ್ಲ."

ಬಡಗಿಗೆ ನಗು ಬಂತು. ಮರದ ನಡುವೆಯೇ ಹುಟ್ಟಿ ಬೆಳೆದವನನ್ನು ಕೇಳುವ ಪ್ರಶ್ನೆಯೇ ಇದು? ಬೆರಳ ಗಂಟಿನಿಂದ ಒಂದೊಂದನ್ನೂ ಬಡಿದ, ಕಿವಿಯಿಟ್ಟು ಕೇಳಿದ, ಅಂಗೈ ಆಡಿಸಿದ, ಮೂಸಿದ. ಎಲ್ಲದಕ್ಕೂ ಬಣ್ಣದ್ದೇ ವಾಸನೆ. ಮತ್ತೊಮ್ಮೆ ಬಡಿದ.

"ಬಾಗಿಲು ಬಡೀತಾನೇ ಇದ್ದೀಯ, ಒಳಗಿಂದ ಯಾರೂ ಬರ್ತಿಲ್ಲ," ಎಂದರು ಅತ್ತೆ ಮಂಚದಿಂದ.

"ಇದು," ಎಂದ ಬಡಗಿ. "ಕಣ್ಣು ಕಟ್ಟಿದ್ರೂ ಹೇಳ್ತೀನಿ. ಇದೇ ತೇಗ."

ಕತ್ತರಿ ಪಟ್ಟಿಯನ್ನು ತಿರುಗಿಸಿದಳು. ಅದು ರಬ್ಬರ್ ಮರವಾಗಿತ್ತು. ಹಿಂಬದಿ ತೆಳು ಕೆನೆಬಣ್ಣದಲ್ಲಿ, ಯಾವ ಗುಟ್ಟೂ ಇಲ್ಲದ ಮುಖದಂತೆ ಕಾಣುತ್ತಿತ್ತು. ತೇಗ ಅದರ ಪಕ್ಕದಲ್ಲೇ ಇತ್ತು.

ಪೇಂಟರ್ ನಕ್ಕು ನಕ್ಕು ಗೋಡೆ ಹಿಡಿದುಕೊಂಡ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ನಕ್ಕ.

"ನೀವು ಜಾಸ್ತಿ ಹಲ್ಲು ಬಿಡಬೇಡಿ," ಎಂದಳು ಕತ್ತರಿ. "ನಿಮ್ಮ ಕನ್ನಡಿ ಇಲ್ಲಿದೆ ನೋಡಿ." ಎಂಡಿಎಫ್ ತುಂಡಿನ ಅಂಚು ಹಬೆಗೆ ಊದಿಕೊಂಡು, ಬಣ್ಣ ಅಲ್ಲಲ್ಲಿ ಬಿರಿದಿತ್ತು. ಪೈನ್ ತುಂಡಿನ ಗಂಟು ಬಿಳಿ ಬಣ್ಣದೊಳಗಿನಿಂದಲೇ ಹಳದಿ ಕಕ್ಕಿತ್ತು. ರಬ್ಬರ್ ಮರ ಮತ್ತು ಪ್ಲೈವುಡ್ ಸುಮ್ಮನೆ ಬಿಳಿಯಾಗಿದ್ದವು.

"ಈಗ ಕೇಳಿ ಇಬ್ಬರೂ. ಅಂಗಿ ಕಾಲರ್ ಒಳಗೆ ಕ್ಯಾನ್ವಾಸ್ ಇಡ್ತೀನಿ. ಅದಕ್ಕೆ ಯಾರೂ ರೇಷ್ಮೆ ಇಡಲ್ಲ, ಒಳಗಿರೋದು ನೆಟ್ಟಗೆ ನಿಂತ್ರೆ ಸಾಕು. ಹಾಗಂತ ಇಡೀ ಅಂಗೀನ ಕ್ಯಾನ್ವಾಸಲ್ಲೇ ಹೊಲಿಯಲ್ಲ. ಬಟ್ಟೆ ಭಾರ ಹೊರೋ ಪೆಟ್ಟಿಗೆ, ಅಡ್ಡ ಹಲಗೆ ಪ್ಲೈವುಡ್ಡು. ಚೌಕಟ್ಟು, ಬಾಗಿಲ ಸುತ್ತಿನ ಪಟ್ಟಿ ರಬ್ಬರ್ ಮರ. ಹಿಡಿ, ತಿರುಗಣೆ ಅದಕ್ಕೇ ಬರಲಿ. ಬಾಗಿಲ ನಡುವಿನ ಹಲಗೆ ಮಾತ್ರ ಎಂಡಿಎಫ್, ಅಂಚೆಲ್ಲ ಪಟ್ಟಿಯೊಳಗೆ ಮುಚ್ಕೊಂಡಿರುತ್ತೆ. ಇಸ್ತ್ರಿ ಮೇಜು ಈ ಕಡೆ ಗೋಡೆಗೆ ಎಳೀತೀನಿ."

"ಮೂರು ಜಾತಿ ಮರ ಸೇರಿಸಿ ಒಂದು ಕಬೋರ್ಡಾ?" ಅಣ್ಣನ ಮುಖ ಊದಿಕೊಂಡಿತು. "ನೋಡಿದವರು ಬಾಯಿಗೆ ಬಂದ ಹಾಗೆ ಅಂತಾರೆ. ಬಡಗಿ ಸ್ವಂತ ತಂಗಿಗೆ ಪುಡಿ ಹಲಗೆ ಕೊಟ್ಟ ಅಂತಾರೆ."

"ಅವರಿಗೆ ಹೇಗಣ್ಣ ಗೊತ್ತಾಗುತ್ತೆ? ನಿನಗೇ ಗೊತ್ತಾಗ್ಲಿಲ್ಲ."

ಬಡಗಿ ಪಟ್ಟಿಯನ್ನು ಮತ್ತೊಮ್ಮೆ ತಿರುಗಿಸಿ ನೋಡಿ, ಅಳತೆಯ ಟೇಪು ತೆಗೆದ.

ಆದರೂ ತಂಗಿಯ ಆ ಮಾತು ಅವನೊಳಗೆ ಕೊರೆಯುತ್ತಲೇ ಇತ್ತು. ಮರ ತನ್ನ ಮಾತಿನಂತೆ ಆಗಲಿಲ್ಲ, ಇರಲಿ. ಕೂರಿಸುವ ಕೈಯಾದರೂ ತನ್ನದು. ಬಣ್ಣದ ಕೆಳಗೆ ಏನೇ ಇದ್ದರೂ ಬಾಗಿಲು ಕೂತ ರೀತಿ ನೋಡಿಯೇ ಇದು ಇಂಥವನ ಕೆಲಸ ಎನ್ನಬೇಕು. ಹಲ್ಲಿಯ ಸಂಸಾರದ ಮಾತು ಭಾವನ ಬಾಯಲ್ಲಿ ಮತ್ತೆ ಬರಬಾರದು. ಯಾವಾಗಲೂ ಬಿಡುತ್ತಿದ್ದ ಸಂದಿಯನ್ನು ಈ ಸಲ ಅವನು ಬಿಡಲಿಲ್ಲ. ಉಜ್ಜುಗೊರಡಿನಿಂದ ಕೂದಲೆಳೆಯಷ್ಟೇ ತೆಗೆದು, ಕೂರಿಸಿ ನೋಡಿ, ಬಿಚ್ಚಿ, ಮತ್ತೆ ತೆಗೆದು ಎರಡು ಬಾಗಿಲುಗಳನ್ನೂ ಚೌಕಟ್ಟಿನೊಳಗೆ ಕೂರಿಸಿದ. ಸಂದಿಯಲ್ಲಿ ಒಂದು ಹಾಳೆ ಕಾಗದ ಮಾತ್ರ ಓಡಾಡುತ್ತಿತ್ತು. ಭಾವನೇ ನೋಡಿ ಬೆರಗಾಗಲಿ ಎಂದು ಬಾಯಿ ಬಿಡದೆ, ಬಾಗಿಲುಗಳನ್ನು ಬಿಚ್ಚಿ ಹಿತ್ತಿಲಲ್ಲಿ ಬಣ್ಣಕ್ಕೆ ಇಟ್ಟು ಹೋದ.

ಪೇಂಟರನಿಗೂ ಒಂದು ಹಠವಿತ್ತು. ಬೇರೆಯವರ ಮನೆಯಲ್ಲಿ ಯಜಮಾನರು ಡಬ್ಬಿಯ ಮೇಲೆ ಕಣ್ಣಿಟ್ಟು ನಿಂತಿರುತ್ತಾರೆ. ಇದು ತನ್ನ ಮನೆ, ಕೆಲಸ ತನ್ನ ಹೆಂಡತಿಯದು. ಎಂಡಿಎಫ್‌ನ ಅಂಚು ಊದಿಕೊಂಡದ್ದು ಬಣ್ಣ ಸಾಲದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಹಿತ್ತಿಲಲ್ಲಿ ಬಾಗಿಲುಗಳನ್ನು ಮಲಗಿಸಿಕೊಂಡು ಬಳಿದ, ಉಜ್ಜಿದ, ಮತ್ತೆ ಬಳಿದ. ಅಂಚುಗಳಿಗೆ ಇನ್ನೂ ಒಂದು ಕೈ ಹೆಚ್ಚು. ಹಬೆ ತನ್ನ ಹೆಸರು ಕೇಳಿದರೆ ದೂರ ಓಡಬೇಕು. ದಪ್ಪವಾಯಿತೇ ಎನ್ನುವ ಯೋಚನೆ ಅವನಿಗೆ ಬರಲಿಲ್ಲ. ಸಂದಿ ಇದ್ದೇ ಇರುತ್ತದೆ, ಭಾವ ಬಿಡದೆ ಇರುತ್ತಾನೆಯೇ.

ಮೇಡಂ ಬರುವ ಹಿಂದಿನ ಸಂಜೆ ಪೇಂಟರ್ ತಾನೇ ಬಾಗಿಲುಗಳನ್ನು ತಂದು ತಿರುಗಣೆಗೆ ಹಾಕಿದ. ಕತ್ತರಿ ಮಾದರಿಗೆಂದು ಹೊಲಿದಿಟ್ಟಿದ್ದ ಅಂಗಿ, ಸ್ಕರ್ಟು, ಪ್ಯಾಂಟುಗಳನ್ನು ಒಳಗೆ ಜೋಡಿಸಿದಳು. ಬೀದಿಯ ಧೂಳು ಹೊಸ ಬಣ್ಣಕ್ಕೆ ಕೂರಬಾರದೆಂದು ಪೇಂಟರ್ ಬಾಗಿಲು ತಳ್ಳಿದ. ಸ್ವಲ್ಪ ಬಿಗಿ ಎನ್ನಿಸಿತು. ಭುಜ ಕೊಟ್ಟು ತಳ್ಳಿದ. ಮುಚ್ಚಿಕೊಂಡಿತು.

"ಬಿಗಿ ಇದೆಯಲ್ಲ," ಎಂದಳು ಕತ್ತರಿ.

"ಒಳ್ಳೇದೇ. ಇಲಿ ಬರಲ್ಲ."

ಮರುದಿನ ಮೇಡಂ ಹೇಳಿದ ಹೊತ್ತಿಗೆ ಬಂದರು. ಬಡಗಿಯೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಏನೋ ಕೆಲಸವಿದ್ದು ಈ ಕಡೆ ಬಂದವನ ಹಾಗೆ ಬಾಗಿಲಲ್ಲಿ ನಿಂತಿದ್ದ. ಕೋಣೆ ನಿಜಕ್ಕೂ ಬೆಳಗಿತ್ತು. ಮೇಡಂ ಕಪಾಟನ್ನು ಮೇಲಿಂದ ಕೆಳಗೆ ನೋಡಿ, "ಚೆನ್ನಾಗಿದೆ ಕಣ್ರೀ," ಎಂದರು. ಬಡಗಿಯೂ ಪೇಂಟರನೂ ಒಟ್ಟಿಗೇ ತಲೆಬಾಗಿದರು.

"ತೆಗೀರಿ, ಒಳಗೆ ನೋಡೋಣ."

ಕತ್ತರಿ ಹಿಡಿಯನ್ನು ಎಳೆದಳು. ಬಾಗಿಲು ಬರಲಿಲ್ಲ. ಎರಡೂ ಕೈಯಲ್ಲಿ ಎಳೆದಳು. ಪಕ್ಕದ ಬಾಗಿಲನ್ನು ಎಳೆದಳು. ಅದೂ ಬರಲಿಲ್ಲ. ಪೇಂಟರ್ ಮುಂದೆ ಬಂದು ಕಾಲನ್ನು ಗೋಡೆಗೆ ಕೊಟ್ಟು ಎಳೆದ. ಇಡೀ ಕಪಾಟು ಒಂದು ಸಲ ನರಳಿತು, ಅಷ್ಟೇ.

"ಹಿಡಿ ನೋಡಿ ಮೇಡಂ, ಅಲ್ಲಾಡ್ಲಿಲ್ಲ," ಎಂದ ಬಡಗಿ ತಡೆಯಲಾರದೆ. "ರಬ್ಬರ್ ಮರಕ್ಕೆ ಹಾಕಿರೋದು."

"ಅಣ್ಣಾ."

"ಅಲ್ಲ, ಗಟ್ಟಿ ಇದೆ ಅಂದೆ."

ಪೇಂಟರ್ ಕಪಾಟಿಗೆ ಮೂಗು ತಾಗಿಸಿ ಸಂದಿ ಹುಡುಕುತ್ತಿದ್ದ. "ಸಂದಿ ಎಲ್ಲಿ ಭಾವ?"

"ಬಿಟ್ಟಿಲ್ಲ."

"ಬಿಟ್ಟಿಲ್ವಾ! ಯಾವಾಗ್ಲೂ ಬಿಡ್ತಿದ್ರಲ್ಲ!"

"ಹಲ್ಲಿ ಹಲ್ಲಿ ಅಂತ ಬಾಯಿ ಬಡ್ಕೊಂಡಿದ್ದು ನೀವೇ ತಾನೆ? ನೀವೆಷ್ಟು ಕೈ ಬಳಿದ್ರಿ, ಅದು ಹೇಳಿ."

ಪೇಂಟರ್ ಕಪಾಟಿನಿಂದ ಮೂಗು ತೆಗೆದ. "ನಾನು ತಮಾಷೆಗೆ ಅಂದಿದ್ದು ಭಾವ. ತಮಾಷೆ ಕೇಳ್ಕೊಂಡು ಯಾರಾದ್ರೂ ಬಾಗಿಲು ಕೂರಿಸ್ತಾರಾ?"

"ಹದಿನೈದು ವರ್ಷ ಅದೇ ತಮಾಷೆ!"

"ಇಲಿಯೂ ಒಳಗೆ ಹೋಗಲ್ಲ, ನಾವೂ ಹೋಗಲ್ಲ," ಎಂದರು ಅತ್ತೆ. "ಸಮಾನತೆ ಅಂದ್ರೆ ಇದೇ."

ಮೇಡಂ ಒಮ್ಮೆ ನಕ್ಕರು. ಆಮೇಲೆ ಬ್ಯಾಗನ್ನು ಭುಜಕ್ಕೇರಿಸಿ ಹೊರಡಲು ತಿರುಗಿದರು. "ನೋಡಮ್ಮಾ, ನಾನು ಇನ್ನೊಬ್ಬರ ಮನೆಗೂ ಹೋಗ್ಬೇಕು. ಬೇಕಾದಾಗ ಬಟ್ಟೆ ಹೊರಗೆ ಬರ್ದೇ ಇದ್ರೆ ನಾನು ಮಕ್ಕಳಿಗೆ ಏನು ಕೊಡ್ಲಿ?"

ಬಡಗಿ ಆಗಲೇ ಚೀಲದಿಂದ ಉಳಿ, ಸುತ್ತಿಗೆ ತೆಗೆದಿದ್ದ. ಪೇಂಟರ್ ಅವನ ಕೈ ಹಿಡಿದುಕೊಂಡ, "ನನ್ನ ಬಣ್ಣ!" ಎಂದು. ಇಬ್ಬರೂ ಉಳಿ ಹಿಡಿದು ಎಳೆದಾಡಿದರು.

"ಇಬ್ಬರೂ ಹೊರಗೆ ನಡೀರಿ," ಎಂದಳು ಕತ್ತರಿ. ಅವಳು ಜೋರಾಗಿ ಹೇಳಲಿಲ್ಲ. ಇಬ್ಬರೂ ಹೊಸ್ತಿಲಿನ ತನಕ ಹೋಗಿ ಅಲ್ಲೇ ನಿಂತರು.

"ಎರಡು ನಿಮಿಷ ಕೂತ್ಕೊಳ್ಳಿ ಮೇಡಂ. ಆಗ್ಲಿಲ್ಲ ಅಂದ್ರೆ ನಾನೇ ಅವರ ಮನೆ ದಾರಿ ತೋರಿಸ್ತೀನಿ."

ಮೇಡಂ ಕೂರಲಿಲ್ಲ, ಹೋಗಲೂ ಇಲ್ಲ.

ಯಂತ್ರದ ಡ್ರಾಯರಿನಲ್ಲಿ ಹೊಲಿಗೆ ಬಿಚ್ಚುವ ಬ್ಲೇಡಿತ್ತು. ಕತ್ತರಿ ನೆಲಕ್ಕೆ ಮಂಡಿಯೂರಿ, ಬಾಗಿಲು ಚೌಕಟ್ಟಿಗೆ ಅಂಟಿದ ಗೆರೆಯನ್ನು ಉಗುರಿನಿಂದ ಹುಡುಕಿದಳು. ಕಣ್ಣಿಗೆ ಕಾಣುತ್ತಿರಲಿಲ್ಲ, ಉಗುರಿಗೆ ಸಿಕ್ಕಿತು. ಬ್ಲೇಡಿನ ಮೂಲೆಯನ್ನು ಅಲ್ಲಿಟ್ಟು ಮೇಲಕ್ಕೆ ತರತೊಡಗಿದಳು. ತಪ್ಪು ಹೊಲಿಗೆ ಬಿಚ್ಚುವಾಗ ಹೇಗೋ ಹಾಗೆ: ದಾರ ಕುಯ್ಯಬೇಕು, ಬಟ್ಟೆ ಕುಯ್ಯಬಾರದು. ಬಣ್ಣ ಇನ್ನೂ ಒಳಗೆ ಮೆತ್ತಗಿತ್ತು. ಅದು ತೆಳುವಾದ ಸುರುಳಿಯಾಗಿ ಅವಳ ಮೊಣಕೈ ಮೇಲೆ ಬೀಳುತ್ತಿತ್ತು. ತಿರುಗಣೆಯ ಹತ್ತಿರ ಬ್ಲೇಡು ಮುರಿಯಿತು. ಇನ್ನೊಂದು ತೆಗೆದುಕೊಂಡಳು. ಮೇಲಿನ ಅಂಚಿಗೆ ಸ್ಟೂಲು ಹತ್ತಿದಳು. ಹೊಸ್ತಿಲಲ್ಲಿ ಇಬ್ಬರೂ ಕತ್ತು ಚಾಚಿ ನೋಡುತ್ತಿದ್ದರು. ಮೇಡಂ ಯಾವಾಗ ಕುರ್ಚಿಯಲ್ಲಿ ಕೂತರೋ ಯಾರೂ ಗಮನಿಸಲಿಲ್ಲ.

ಇಳಿದು, ಬ್ಲೇಡು ಬದಿಗಿಟ್ಟು, ಹಿಡಿಯನ್ನು ಎಳೆದಳು. ಅಂಟು ಬಿಡುವ ಸದ್ದಿನೊಂದಿಗೆ ಬಾಗಿಲು ತೆರೆದುಕೊಂಡಿತು. ಚೌಕಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಬಾಗಿಲ ಅಂಚಿನಲ್ಲಿ ಮಾತ್ರ ಬಣ್ಣ ಅಷ್ಟಷ್ಟು ಎದ್ದು, ಕೆಳಗಿನ ಮರ ತೆಳ್ಳಗೆ ಇಣುಕುತ್ತಿತ್ತು.

ಮೇಡಂ ಎದ್ದು ಬಂದು ಅಂಗಿಯನ್ನು ತೆಗೆದು ಮೊದಲು ಮೂಸಿದರು. "ಇದನ್ನ ಹಾಕ್ಕೊಂಡ ಮಗೂನ ಕ್ಲಾಸಲ್ಲಿ ಯಾರೂ ಪಕ್ಕದಲ್ಲಿ ಕೂರಿಸ್ಕೊಳ್ಳಲ್ಲ. ಪೇಂಟ್ ಅಂಗಡಿ ವಾಸನೆ."

"ಬಾಗಿಲು ತೆಗೆದಿಟ್ರೆ ಹೋಗುತ್ತೆ ಮೇಡಂ," ಎಂದ ಪೇಂಟರ್ ಹೊಸ್ತಿಲಿಂದ.

"ನಿಮ್ಮನ್ನ ಯಾರು ಕೇಳಿದ್ರು?" ಎಂದರು ಮೇಡಂ. ಕತ್ತರಿಗೆ ಆ ಕ್ಷಣಕ್ಕೆ ಅವರ ಮೇಲೆ ಪ್ರೀತಿ ಬಂತು. ಮೇಡಂ ಅಂಗಿಯನ್ನು ಒಳಮುಖ ಮಾಡಿ ಕಂಕುಳ ಹೊಲಿಗೆಯನ್ನು ಎರಡೂ ಕಡೆಗೆ ಎಳೆದು ನೋಡಿದರು. ಸ್ಕರ್ಟಿನ ಮಡಿಕೆ ನೋಡಿದರು. ಅಡ್ಡ ಹಲಗೆಯನ್ನು ಅಂಗೈಯಿಂದ ಒತ್ತಿದರು.

"ಎಲ್ಲಾನೂ ಈಗಲೇ ಕೊಡಲ್ಲ. ಒಂದನೇ ತರಗತಿದು ಇವತ್ತು ಸಂಜೆ ಕಳಿಸ್ತೀನಿ. ಅದು ಸರಿಯಾಗಿ ಬಂದ್ರೆ, ವಾಸನೇನೂ ಹೋದ್ರೆ, ಉಳಿದಿದ್ದು." ಬಾಗಿಲ ಹತ್ತಿರ ತಿರುಗಿದರು. "ಕೈ ನಡುಗಲ್ಲ ನಿಮ್ಮದು. ಅದಕ್ಕೇ ಕೊಡ್ತಿರೋದು, ಕಬೋರ್ಡ್ ನೋಡಿ ಅಲ್ಲ."

ಅವರು ಹೋದ ಮೇಲೆ ಇಬ್ಬರು ಭಾವಂದಿರೂ ಒಳಗೆ ಬಂದರು. ಬಾಗಿಲನ್ನು ಕೆತ್ತಬೇಕೋ ಬಣ್ಣವನ್ನು ಕೆರೆಯಬೇಕೋ ಎನ್ನುವ ಚರ್ಚೆ ಶುರುವಾಯಿತು. ಮರ ಕೆತ್ತಿದರೆ ಕೂತ ಚಂದ ಕೆಡುತ್ತದೆ ಎಂದ ಬಡಗಿ. ಬಣ್ಣ ಕೆರೆದರೆ ಹೊಳಪು ಕೆಡುತ್ತದೆ ಎಂದ ಪೇಂಟರ್.

"ಎಡದ ಬಾಗಿಲು ಅಣ್ಣ ಕೆತ್ತಲಿ, ಬಲದ್ದು ನೀವು ಕೆರೀರಿ," ಎಂದಳು ಕತ್ತರಿ. "ಬಟ್ಟೆ ಬರೋದ್ರೊಳಗೆ ಮುಗೀಬೇಕು. ಮಾತಾಡಿದವರಿಗೆ ಚಹಾ ಇಲ್ಲ."

ಸಂಜೆ ಶಾಲೆಯ ಗಾಡಿ ಬಂತು. ನೀಲಿ ಬಟ್ಟೆಯ ಸುರುಳಿಗಳನ್ನು ಇಬ್ಬರೂ ಹೊತ್ತು ತಂದು ಅಡ್ಡ ಹಲಗೆಯ ಮೇಲೆ ಒಟ್ಟಿದರು. ಬಡಗಿ ಬಗ್ಗಿ ಒಂದು ಕಣ್ಣು ಮುಚ್ಚಿ ಹಲಗೆಯ ನೇರ ನೋಡಿದ. ತಂಗಿ ಏನಾದರೂ ಹೇಳಬಹುದೆಂದು ಸ್ವಲ್ಪ ಹೊತ್ತು ನಿಂತ.

ಕತ್ತರಿ ಟೇಪನ್ನು ಕೊರಳಿಗೆ ಹಾಕಿಕೊಂಡು ಮೇಜಿನ ಮೇಲೆ ಬಟ್ಟೆ ಹರಡುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಹಲಗೆ ಬಗ್ಗಿಲ್ಲ."

ಅವಳ ಬಾಯಿಂದ ಅದಕ್ಕಿಂತ ಹೆಚ್ಚು ಬರುವುದಿಲ್ಲವೆಂದು ಗೊತ್ತಿದ್ದ ಬಡಗಿ, ಕೈ ತೊಳೆಯಲು ಹಿತ್ತಿಲಿಗೆ ಹೋದ.